ಉತ್ಕರ್ಷಣದ ಒತ್ತಡ ಮತ್ತು ಶಿಶುವಿನ ಮಿದುಳು: ಒಂದು ಸಾಕ್ಷ್ಯವಿಮರ್ಶೆ

ಇತಿಹಾಸದ ಅಧ್ಯಾಪಕನೊಬ್ಬನು ಮಿದುಳಿನ ರಸಾಯನವನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಅದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲೇ ನಿವೇದಿಸುವುದು ಉಚಿತ. ಕಳೆದ ಬೇಸಿಗೆಯಲ್ಲಿ ಜೇವರ್ಗಿ ತಾಲ್ಲೂಕಿನ ಅಂದೋಲಾಕ್ಕೆ ಹೋಗಿದ್ದೆನು. ನಿಜಾಮರ ಆಳಿಕೆಯಲ್ಲಿ ಇಡೀ ತಾಲ್ಲೂಕಿಗೆ ಈ ಊರಿನ ಹೆಸರೇ ಇದ್ದಿತು. ಆ ಕಾಲದ ಕಂದಾಯದ ಕಾಗದಗಳು ಯಾರ ಮನೆಯಲ್ಲಾದರೂ ಉಳಿದಿರಬಹುದೆಂಬ ಆಸೆ ನನ್ನದು. ಹಳೆಯ ದಫ್ತರದ ಗಂಟನ್ನು ಬಿಚ್ಚಿ ತೋರಿಸಿದ ವೃದ್ಧ ರೈತರೊಬ್ಬರು, ಅದರೊಡನೆ ಮತ್ತೊಂದು ಕಾಗದವನ್ನೂ ನನ್ನ ಮುಂದಿಟ್ಟರು. ಅದು ಅವರ ಮೊಮ್ಮಗನ ಔಷಧದ ಚೀಟಿ. ಮಗುವಿಗೆ ನಾಲ್ಕು ವರ್ಷ. ಇನ್ನೂ ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ನಗರದ ಒಂದು ಚಿಕಿತ್ಸಾಲಯದಲ್ಲಿ, ಮಿದುಳಿಗೆ ಒಂದು ಬಗೆಯ ತುಕ್ಕು ಹಿಡಿದಿದೆಯೆಂದೂ, ಅದನ್ನು ತೆಗೆಯುವ ಔಷಧವನ್ನು ವರ್ಷಗಟ್ಟಲೆ ಕೊಡಬೇಕೆಂದೂ ಹೇಳಿ ಐದು ಬಗೆಯ ಗುಳಿಗೆಗಳನ್ನು ಬರೆದುಕೊಟ್ಟಿದ್ದರು. ಎರಡು ತಿಂಗಳ ಔಷಧಕ್ಕಾಗಿ ಒಂದು ಚೀಲ ತೊಗರಿ ಮಾರಿದ್ದಾಗಿತ್ತು. ಬಾಗಿಲ ಮರೆಯಲ್ಲಿ ನಿಂತಿದ್ದ ಮಗುವಿನ ತಾಯಿ, "ಸರ್, ನೀವು ಕಾಲೇಜಿನೋರು, ಓದಿದೋರು. ಈ ಗುಳಿಗಿ ಕೊಟ್ರ ಕೂಸಿಗಿ ಮಾತು ಬರ್ತಾವೇನ್ರೀ?" ಎಂದು ಕೇಳಿದರು.

ಅಂದು ನಾನು ಉತ್ತರ ಕೊಡಲಾರದೆ ಹೋದೆನು. ಮರಳಿದ ಮೇಲೆ, ರಸಾಯನಶಾಸ್ತ್ರದ ಮತ್ತು ಪ್ರಾಣಿಶಾಸ್ತ್ರದ ಸಹೋದ್ಯೋಗಿಗಳ ನೆರವಿನಿಂದ ಈ ವಿಷಯದ ಪ್ರಬಂಧಗಳನ್ನು ಓದತೊಡಗಿದೆನು. ವೈದ್ಯನಲ್ಲದವನು ಔಷಧವನ್ನು ವಿಧಿಸಲಾರ, ನಿಷೇಧಿಸಲೂ ಆರ. ಆದರೆ ಒಂದು ಹೇಳಿಕೆಗೆ ಆಧಾರವೇನು, ಆ ಆಧಾರವು ಎಲ್ಲಿಯವರೆಗೆ ಭಾರವನ್ನು ಹೊರಬಲ್ಲದು ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಗೆ ನಿತ್ಯದ ಕೆಲಸ. ಆ ಪ್ರಶ್ನೆಯನ್ನೇ ಇಲ್ಲಿ ಕೇಳಲಾಗಿದೆ.

೧. ತುಕ್ಕಿನ ಉಪಮಾನ, ಅದರ ಮಿತಿ

ಕಬ್ಬಿಣವು ತುಕ್ಕು ಹಿಡಿಯುವುದೂ, ಹಳೆಯ ಕುಸುಬೆಯೆಣ್ಣೆ ಕಮಟುವಾಸನೆ ಬೀರುವುದೂ ಉತ್ಕರ್ಷಣವೆಂಬ ಒಂದೇ ಕ್ರಿಯೆಯ ಭಿನ್ನರೂಪಗಳು. ನಮ್ಮ ದೇಹವು ಅನ್ನದಿಂದ ಶಕ್ತಿಯನ್ನು ಪಡೆಯುವುದೂ ಆಮ್ಲಜನಕದ ಮೂಲಕವೇ. ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳಲ್ಲಿ ಆಮ್ಲಜನಕದ ಒಂದೊಂದು ಅಣುವೂ ನಾಲ್ಕು ಎಲೆಕ್ಟ್ರಾನುಗಳನ್ನು ಸ್ವೀಕರಿಸಿ ನೀರಾಗಿ ಪರಿಣಮಿಸುತ್ತದೆ. ಈ ಸ್ವೀಕಾರ ಅರ್ಧಕ್ಕೆ ನಿಂತಾಗ ಸೂಪರಾಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್ ಮುಂತಾದ ಉಗ್ರಸ್ವಭಾವದ ವಸ್ತುಗಳು ಹುಟ್ಟುತ್ತವೆ. ಇವು ಬಳಿಯಲ್ಲಿರುವ ಕೊಬ್ಬು, ಪ್ರೋಟೀನು, ವಂಶವಾಹಿಗಳನ್ನು ಕೆಡಿಸಬಲ್ಲವು.

ದೇಹದಲ್ಲಿ ಇದಕ್ಕೆ ಪ್ರತಿವ್ಯವಸ್ಥೆಯೂ ಇದೆ. ಸೂಪರಾಕ್ಸೈಡನ್ನು ಪೆರಾಕ್ಸೈಡಾಗಿ ಮಾರ್ಪಡಿಸುವ ಕಿಣ್ವವನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು ೧೯೬೯ರಲ್ಲಿ ಗುರುತಿಸಿದರು. ಅದರ ಹೆಸರು ಸೂಪರಾಕ್ಸೈಡ್ ಡಿಸ್ಮ್ಯುಟೇಸ್. ಹೀಗಾದ ಪೆರಾಕ್ಸೈಡನ್ನು ನೀರಾಗಿಸುವ ಕೆಲಸದಲ್ಲಿ ಗ್ಲುಟಾಥಯೋನ್ ಎಂಬ ಸಣ್ಣ ಅಣುವಿನ ಪಾಲು ದೊಡ್ಡದು. ಉತ್ಪತ್ತಿ ಹೆಚ್ಚಿ ಅಥವಾ ರಕ್ಷಣೆ ಕುಗ್ಗಿ, ಇವೆರಡರ ಸಮತೋಲ ತಪ್ಪಿದ ಸ್ಥಿತಿಗೆ 'ಉತ್ಕರ್ಷಣದ ಒತ್ತಡ' ಎಂದು ಹೆಸರು. ಈ ಪರಿಕಲ್ಪನೆಗೆ ಜರ್ಮನಿಯ ಹೆಲ್ಮುಟ್ ಸೀಸ್ ೧೯೮೫ರಲ್ಲಿ ಸ್ಪಷ್ಟ ಲಕ್ಷಣವನ್ನು ಕೊಟ್ಟನು.

ಮಿದುಳು ಈ ಒತ್ತಡಕ್ಕೆ ವಿಶೇಷವಾಗಿ ಈಡಾಗುವ ಅಂಗ. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಸುಮಾರು ೨. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ಅದರ ಪಾಲು ನೂರಕ್ಕೆ ಸುಮಾರು ೨೦. ಬೇಗ ಕೆಡುವ ಜಾತಿಯ ಕೊಬ್ಬು ಅದರಲ್ಲಿ ಹೇರಳ. ನವಜಾತ ಶಿಶುವಿನಲ್ಲಿ, ಅದರಲ್ಲಿಯೂ ತಿಂಗಳು ತುಂಬದೆ ಹುಟ್ಟಿದ ಶಿಶುವಿನಲ್ಲಿ, ರಕ್ಷಕ ಕಿಣ್ವಗಳು ಇನ್ನೂ ಪಕ್ವವಾಗಿರುವುದಿಲ್ಲ. ಆದುದರಿಂದ ಬೆಳೆಯುತ್ತಿರುವ ಮಿದುಳಿನ ದೋಷಗಳಿಗೂ ಉತ್ಕರ್ಷಣಕ್ಕೂ ಸಂಬಂಧವಿರಬಹುದೆಂಬ ಊಹೆ ನಿರಾಧಾರವಾದುದಲ್ಲ.

ಆದರೂ ತುಕ್ಕಿನ ಉಪಮಾನವನ್ನು ಹೆಚ್ಚು ದೂರ ಎಳೆಯಬಾರದು. ಕಬ್ಬಿಣಕ್ಕೆ ತುಕ್ಕಿನಿಂದ ಯಾವ ಉಪಯೋಗವೂ ಇಲ್ಲ. ದೇಹಕ್ಕೆ ಹಾಗಲ್ಲ, ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ಕೊಲ್ಲುವುದು ಇದೇ ಉಗ್ರವಸ್ತುಗಳಿಂದ, ಕೋಶಗಳು ಪರಸ್ಪರ ಸಂಕೇತ ಕಳುಹಿಸುವುದರಲ್ಲಿಯೂ ಇವಕ್ಕೆ ಪಾತ್ರವಿದೆ. ಇಲ್ಲಿ ಬೇಕಾದುದು ಸಮತೋಲವೇ ಹೊರತು ನಿರ್ಮೂಲನವಲ್ಲ.

೨. ಮೂರು ಹೇಳಿಕೆಗಳು

ಔಷಧದ ಚೀಟಿಯ ಹಿಂದೆ ಮೂರು ಹೇಳಿಕೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲನೆಯದು, ಇಂತಹ ಮಕ್ಕಳಲ್ಲಿ ಉತ್ಕರ್ಷಣದ ಕುರುಹುಗಳು ಹೆಚ್ಚಾಗಿವೆ ಎಂಬುದು. ಎರಡನೆಯದು, ಆ ಉತ್ಕರ್ಷಣವೇ ದೋಷಕ್ಕೆ ಕಾರಣ ಎಂಬುದು. ಮೂರನೆಯದು, ಉತ್ಕರ್ಷಣವನ್ನು ತಡೆಯುವ ವಸ್ತುವನ್ನು ನುಂಗಿಸಿದರೆ ದೋಷವು ಕಡಮೆಯಾಗುತ್ತದೆ ಎಂಬುದು. ಮೊದಲನೆಯದು ಸತ್ಯವಾದ ಮಾತ್ರಕ್ಕೆ ಉಳಿದೆರಡು ಸತ್ಯವಾಗಬೇಕಿಲ್ಲ. ಒಂದೊಂದಕ್ಕೂ ಪ್ರತ್ಯೇಕವಾದ ಪ್ರಮಾಣ ಬೇಕು.

ನಮ್ಮ ಜಿಲ್ಲೆಯದೇ ಒಂದು ನಿದರ್ಶನದಿಂದ ಇದನ್ನು ವಿಶದಪಡಿಸಬಹುದು. ಭೀಮಾತೀರದ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ೧೯೮೬ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದು ವಿಗ್ರಹ ಭಗ್ನವಾಯಿತು. ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವಿರುವುದು ಅನಂತರ ತಿಳಿದುಬಂದಿತು. ಗುಡಿಯಲ್ಲಿ ಅಶೋಕನ ಶಾಸನ ದೊರೆಯಿತೆಂಬುದು ನಿರ್ವಿವಾದ. ಆದರೆ ಆ ಗುಡಿಯನ್ನು ಅಶೋಕನು ಕಟ್ಟಿಸಿದನೆಂದು ಯಾರೂ ಹೇಳುವುದಿಲ್ಲ. ಕಲ್ಲು ಬೇರೆ ಕಾಲದ್ದು, ಗುಡಿ ಬೇರೆ ಕಾಲದ್ದು. ಪೀಠಕ್ಕೆ ತಕ್ಕುದೆಂದು ಯಾರೋ ಅದನ್ನು ತಂದು ಕೊರೆದು ಕೂರಿಸಿದರು. ಒಂದು ವಸ್ತು ಒಂದು ಸ್ಥಳದಲ್ಲಿ ಇದೆ ಎಂಬುದರಿಂದ ಅದು ಅಲ್ಲಿಯ ಸ್ಥಿತಿಗೆ ಕಾರಣವೆಂದು ಸಿದ್ಧವಾಗುವುದಿಲ್ಲ. ಉತ್ಕರ್ಷಣದ ಕುರುಹುಗಳು ಮಗುವಿನ ರಕ್ತದಲ್ಲಿ ಕಂಡಾಗಲೂ ಅವು ಕಾರಣವೋ, ಬೇರೊಂದು ಕಾರಣದ ಪರಿಣಾಮವೋ, ಅಥವಾ ಆಹಾರ ನಿದ್ರೆಗಳ ವ್ಯತ್ಯಾಸದಿಂದ ಬಂದವೋ ಎಂದು ವಿಚಾರಿಸಬೇಕಾಗುತ್ತದೆ.

೩. ಪರೀಕ್ಷೆಗೆ ಒಡ್ಡಿದಾಗ

ಮೊದಲ ಹೇಳಿಕೆಗೆ ಆಧಾರವುಂಟು. ೨೦೦೪ರಲ್ಲಿ ಅಮೆರಿಕದ ಜಿಲ್ ಜೇಮ್ಸ್ ಮತ್ತು ಸಂಗಡಿಗರು ಆಟಿಸಂ ಇದ್ದ ೨೦ ಮಕ್ಕಳ ರಕ್ತವನ್ನು ಇತರ ೩೩ ಮಕ್ಕಳ ರಕ್ತದೊಡನೆ ಹೋಲಿಸಿ, ಮೊದಲಿನವರಲ್ಲಿ ಗ್ಲುಟಾಥಯೋನಿನ ಸಮತೋಲವು ಉತ್ಕರ್ಷಣದ ಕಡೆಗೆ ವಾಲಿರುವುದನ್ನು ತೋರಿಸಿದರು. ಅನಂತರ ಅನೇಕರು ಇಂತಹ ಫಲಿತಾಂಶಗಳನ್ನು ಪಡೆದಿದ್ದಾರೆ. ಗ್ಲುಟಾಥಯೋನಿನ ತಯಾರಿಕೆಗೆ ಬೇಕಾದ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಔಷಧವು ಚಿಕಿತ್ಸೆಯಲ್ಲಿ ಪ್ರಯೋಗಕ್ಕೆ ಬಂದುದು ಈ ಹಿನ್ನೆಲೆಯಲ್ಲಿ.

ಔಷಧವನ್ನು ಪರೀಕ್ಷಿಸುವ ಸರಿಯಾದ ಕ್ರಮವೆಂದರೆ, ಮಕ್ಕಳನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿಗೆ ಔಷಧವನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ನಿಸ್ಸತ್ತ್ವ ಗುಳಿಗೆಯನ್ನೂ ಕೊಟ್ಟು, ಯಾರಿಗೆ ಯಾವುದೆಂಬುದು ತಾಯ್ತಂದೆಗಳಿಗೂ ಪರೀಕ್ಷಕರಿಗೂ ತಿಳಿಯದಂತೆ ನೋಡಿಕೊಳ್ಳುವುದು. ಇದು ಅತ್ಯಗತ್ಯ. ಏಕೆಂದರೆ ಮಕ್ಕಳು ಔಷಧವಿಲ್ಲದೆಯೂ ಬೆಳೆಯುತ್ತಾರೆ, ಹೊಸ ಸಾಮರ್ಥ್ಯಗಳನ್ನು ಗಳಿಸುತ್ತಾರೆ; ಆಸೆಯಿಂದ ನೋಡುವ ಕಣ್ಣಿಗೆ ಆ ಬೆಳವಣಿಗೆಯೆಲ್ಲ ಔಷಧದ ಗುಣವಾಗಿ ತೋರುತ್ತದೆ.

ಇಂತಹ ಮೊದಲ ಪರೀಕ್ಷೆಯಲ್ಲಿ, ೨೦೧೨ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ೩೩ ಮಕ್ಕಳಿಗೆ ೧೨ ವಾರಗಳ ಕಾಲ ಚಿಕಿತ್ಸೆ ನಡೆದು, ಔಷಧ ಪಡೆದವರಲ್ಲಿ ಸಿಡುಕು ಕಡಮೆಯಾದುದು ಕಂಡುಬಂದಿತು. ಆಸೆ ಚಿಗುರಿತು. ಆದರೆ ೨೦೧೭ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪರೀಕ್ಷೆಯಲ್ಲಿ ೯೮ ಮಕ್ಕಳಿಗೆ ಆರು ತಿಂಗಳ ಕಾಲ ಚಿಕಿತ್ಸೆ ಕೊಟ್ಟಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ತೋರಲಿಲ್ಲ. ಅಲ್ಲಿ ಕೊಟ್ಟ ಪ್ರಮಾಣ ಕಡಮೆಯಾಗಿತ್ತೆಂಬ ಅಂಶವನ್ನೂ ಹೇಳಬೇಕು. ಕೋಸುಜಾತಿಯ ತರಕಾರಿಗಳಿಂದ ಬರುವ ಸಲ್ಫೊರಫೇನ್ ಎಂಬ ವಸ್ತುವಿನ ಕಥೆಯೂ ಬಹುಮಟ್ಟಿಗೆ ಹೀಗೆಯೇ. ೨೦೧೪ರಲ್ಲಿ ೪೪ ಮಂದಿ ತರುಣರ ಮೇಲಿನ ಪರೀಕ್ಷೆ ಉತ್ಸಾಹ ಹುಟ್ಟಿಸಿತು. ೨೦೨೧ರಲ್ಲಿ ಚಿಕ್ಕ ಮಕ್ಕಳ ಮೇಲೆ ನಡೆದ ಪರೀಕ್ಷೆಯ ಮುಖ್ಯ ಫಲಿತಾಂಶ ಆ ಉತ್ಸಾಹವನ್ನು ಸಮರ್ಥಿಸಲಿಲ್ಲ.

ಇನ್ನೂ ಬೋಧಪ್ರದವಾದುದು ಡೌನ್ ಲಕ್ಷಣಕೂಟದ ಪ್ರಕರಣ. ಈ ಮಕ್ಕಳಲ್ಲಿ ೨೧ನೆಯ ವರ್ಣತಂತುವಿನ ಒಂದು ಪ್ರತಿ ಹೆಚ್ಚಾಗಿರುವುದನ್ನು ೧೯೫೯ರಲ್ಲಿ ಫ್ರಾನ್ಸಿನ ಲೆಜ್ಯೂನ್ ಮತ್ತು ಸಂಗಡಿಗರು ಪ್ರಕಟಿಸಿದರು. ಸೂಪರಾಕ್ಸೈಡ್ ಡಿಸ್ಮ್ಯುಟೇಸಿನ ವಂಶವಾಹಿ ಇರುವುದು ಇದೇ ವರ್ಣತಂತುವಿನಲ್ಲಿ. ಎರಡರ ಬದಲು ಮೂರು ಪ್ರತಿಗಳಿರುವುದರಿಂದ ಆ ಕಿಣ್ವವು ಸುಮಾರು ಒಂದೂವರೆ ಪಟ್ಟು ಆಗುತ್ತದೆ, ಪೆರಾಕ್ಸೈಡ್ ಹೆಚ್ಚುತ್ತದೆ, ಅದರಿಂದ ಮಿದುಳು ನೋಯುತ್ತದೆ ಎಂಬ ವಾದಕ್ಕಿಂತ ಸುಸಂಬದ್ಧವಾದ ವಾದ ಈ ಕ್ಷೇತ್ರದಲ್ಲಿ ಮತ್ತೊಂದಿಲ್ಲ. ಆ ನಂಬಿಕೆಯಿಂದ ಅನೇಕ ದೇಶಗಳಲ್ಲಿ ತಾಯ್ತಂದೆಗಳು ಈ ಮಕ್ಕಳಿಗೆ ಜೀವಸತ್ತ್ವಗಳನ್ನೂ ಖನಿಜಗಳನ್ನೂ ಕೊಡುತ್ತಿದ್ದರು. ಇಂಗ್ಲೆಂಡಿನಲ್ಲಿ ಏಳು ತಿಂಗಳೊಳಗಿನ ೧೫೬ ಶಿಶುಗಳ ಮೇಲೆ ಇದರ ಪರೀಕ್ಷೆ ನಡೆದು ೨೦೦೮ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೆಲೆನಿಯಮ್, ಸತು, ಎ, ಸಿ, ಇ ಜೀವಸತ್ತ್ವಗಳು, ಫೋಲಿನಿಕ್ ಆಮ್ಲ ಇವುಗಳಲ್ಲಿ ಯಾವುದರಿಂದಲೂ ಮಕ್ಕಳ ಬೆಳವಣಿಗೆಯಲ್ಲಾಗಲಿ ಮಾತಿನಲ್ಲಾಗಲಿ ವ್ಯತ್ಯಾಸವಾಗಲಿಲ್ಲ. ತರ್ಕ ಅತ್ಯಂತ ಬಲವಾಗಿದ್ದ ಕಡೆಯಲ್ಲಿಯೇ ಚಿಕಿತ್ಸೆ ನಿಷ್ಫಲವಾಯಿತೆಂಬುದು ನೆನಪಿಡತಕ್ಕ ಸಂಗತಿ.

'ಗುಣವಾಗದಿದ್ದರೂ ಕೇಡೇನೂ ಇಲ್ಲವಲ್ಲ' ಎಂಬ ಸಮಾಧಾನವೂ ಸಲ್ಲದು. ಫಿನ್ಲೆಂಡಿನಲ್ಲಿ ೨೯,೧೩೩ ಮಂದಿ ಧೂಮಪಾನಿಗಳಿಗೆ ಬೀಟಾ-ಕ್ಯಾರೊಟೀನ್ ಮತ್ತು ಇ ಜೀವಸತ್ತ್ವಗಳನ್ನು ಕೊಟ್ಟು ನಡೆಸಿದ ಪರೀಕ್ಷೆಯ ಫಲ ೧೯೯೪ರಲ್ಲಿ ಹೊರಬಂದಾಗ, ಬೀಟಾ-ಕ್ಯಾರೊಟೀನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಮೆಯಾಗುವ ಬದಲು ನೂರಕ್ಕೆ ೧೮ರಷ್ಟು ಹೆಚ್ಚಿತ್ತು. ಕಾಯಿಪಲ್ಯದ ರೂಪದಲ್ಲಿ ಹಿತವಾದುದು ಗುಳಿಗೆಯ ರೂಪದಲ್ಲಿ ಹಿತವಾಗಿಯೇ ಇರುತ್ತದೆಂಬ ಭರವಸೆಯಿಲ್ಲ.

೪. ಮೈಸೂರಿನ ಪ್ರಯೋಗಗಳು

ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಅಂದೋಲಾದ ಚೀಟಿಯಲ್ಲಿದ್ದ ಐದು ಔಷಧಗಳಲ್ಲಿ ಒಂದು ಬ್ರಾಹ್ಮಿಯ ಸಾರ. ಬುದ್ಧಿಗೆ ಬ್ರಾಹ್ಮಿ ಒಳ್ಳೆಯದೆಂಬ ನಂಬಿಕೆ ಪುರಾತನವಾದುದು. ಆದರೆ ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಸಸ್ಯಗಳು ಬಳಕೆಯಲ್ಲಿವೆ: ನೀರಿನ ಪಸೆಯಲ್ಲಿ ಬೆಳೆಯುವ, ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ ಒಂದು, ಕರಾವಳಿ ಮಲೆನಾಡುಗಳಲ್ಲಿ ಚಟ್ನಿ ತಂಬುಳಿಗಳಿಗೆ ಬಳಸುವ ಒಂದೆಲಗ ಅಥವಾ ತಿಮರೆ ಇನ್ನೊಂದು.

ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಮುರಳೀಧರ ಮತ್ತು ಅವರ ಶಿಷ್ಯರು ಎರಡನ್ನೂ ಪರೀಕ್ಷಿಸಿದ್ದಾರೆ. ೨೦೦೮ರಲ್ಲಿ ಪ್ರಕಟವಾದ ಪ್ರಬಂಧವು ಒಂದೆಲಗವನ್ನು ಕುರಿತದ್ದು. ಮಿದುಳಿಗೆ ವಿಷವಾದ ಒಂದು ರಾಸಾಯನಿಕವನ್ನು ಎಳೆಯ ಇಲಿಗಳಿಗೆ ಕೊಡುವ ಮುನ್ನ ಒಂದೆಲಗದ ಸಾರವನ್ನು ತಿನ್ನಿಸಿದರೆ ಉತ್ಕರ್ಷಣದ ಹಾನಿ ಕಡಮೆಯಾಗುವುದನ್ನು ಅದು ತೋರಿಸಿತು. ೨೦೦೯ರ ಪ್ರಬಂಧದಲ್ಲಿ, ರೋಟೆನೋನ್ ಎಂಬ ಕೀಟನಾಶಕಕ್ಕೆ ಈಡಾದ ಹಣ್ಣುನೊಣಗಳಲ್ಲಿ ನೀರುಬ್ರಾಹ್ಮಿಯು ಅಂತಹುದೇ ರಕ್ಷಣೆ ಕೊಟ್ಟಿತೆಂದು ವರದಿಯಾಯಿತು.

ಇವು ಶ್ರದ್ಧೆಯಿಂದ ನಡೆದ, ಬೆಲೆಯುಳ್ಳ ಪ್ರಯೋಗಗಳು. ಆದರೆ ಇವು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಗಮನಿಸಬೇಕು. ನೊಣಕ್ಕೂ ಇಲಿಗೂ ಹಾನಿಮಾಡಿದ ವಿಷ ಯಾವುದೆಂದು ಇಲ್ಲಿ ಮೊದಲೇ ಗೊತ್ತು. ವಿಷ ಕೊಟ್ಟವರು ಪ್ರಯೋಗಕರ್ತರೇ. ರಕ್ಷಕವಸ್ತುವೂ ವಿಷಕ್ಕಿಂತ ಮುಂಚೆ ಅಥವಾ ಅದರೊಡನೆ ದೇಹವನ್ನು ಸೇರಿದೆ. ಅಂದೋಲಾದ ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ವ್ಯತ್ಯಾಸವಾದುದು ಬಹುಶಃ ಗರ್ಭದಲ್ಲಿದ್ದಾಗ ಅಥವಾ ಹುಟ್ಟುವ ಹೊತ್ತಿನಲ್ಲಿ. ಗುಳಿಗೆ ಬಂದುದು ನಾಲ್ಕು ವರ್ಷಗಳ ಅನಂತರ. ಮೈಸೂರಿನ ವಿಜ್ಞಾನಿಗಳು ನೊಣವನ್ನು ಕುರಿತು ಹೇಳಿದುದನ್ನು ಔಷಧದ ಡಬ್ಬಿಯು ಮಗುವನ್ನು ಕುರಿತು ಹೇಳಿದರೆ ತಪ್ಪು ವಿಜ್ಞಾನಿಗಳದಲ್ಲ.

ಕೊರತೆಯೇ ಕಾರಣವಾದ ಕಡೆ ಚಿಕಿತ್ಸೆಯ ಫಲ ಹೇಗಿರುತ್ತದೆಂಬುದಕ್ಕೂ ನೆರೆಯಲ್ಲೇ ನಿದರ್ಶನವಿದೆ. ವೆಲ್ಲೂರಿನ ವೈದ್ಯರು ೧೯೬೨ರಲ್ಲಿ, ಎದೆಹಾಲನ್ನೇ ನೆಚ್ಚಿದ್ದ ಕೆಲವು ಶಿಶುಗಳು ಕಲಿತದ್ದನ್ನು ಮರೆತು, ಮಂಕಾಗಿ, ಮೈ ಕಪ್ಪಿಟ್ಟು, ಕೈಕಾಲು ಅದುರುವ ಸ್ಥಿತಿಗೆ ಬಂದುದನ್ನು ವರ್ಣಿಸಿದರು. ತಾಯಿಯ ದೇಹದಲ್ಲಿಯೇ ಬಿ-೧೨ ಜೀವಸತ್ತ್ವದ ಕೊರತೆಯಿತ್ತು. ಅದನ್ನು ಕೊಟ್ಟಾಗ ಶಿಶುಗಳು ಚೇತರಿಸಿಕೊಂಡವು. ಮಾಂಸಾಹಾರವಿಲ್ಲದ, ಹೈನು ಕಡಮೆಯಾದ ಮನೆಗಳು ನಮ್ಮ ಭಾಗದಲ್ಲಿಯೂ ಬಹಳ. ಆದುದರಿಂದ ಕೊರತೆಯನ್ನು ಪರೀಕ್ಷಿಸಿ ತುಂಬುವುದು ಒಂದು; ಕೊರತೆಯನ್ನು ನೋಡದೆ 'ತುಕ್ಕು' ತೆಗೆಯಲೆಂದು ಜೀವಸತ್ತ್ವಗಳನ್ನು ಸುರಿಯುವುದು ಇನ್ನೊಂದು.

೫. ಉತ್ಕರ್ಷಣದ ಜ್ಞಾನ ನಿಜವಾಗಿ ಫಲಿಸಿದ ಕಡೆ

ಹಾಗಾದರೆ ಈ ಎಲ್ಲ ಜ್ಞಾನವೂ ವ್ಯರ್ಥವೇ? ಅಲ್ಲ. ಅದು ಫಲ ಕೊಟ್ಟಿರುವುದು ಹೆರಿಗೆಯ ಕೋಣೆಯಲ್ಲಿ.

೧೯೪೦ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಲ್ಲಿ, ತಿಂಗಳು ತುಂಬದೆ ಹುಟ್ಟಿದ ಶಿಶುಗಳು ಹೊಸದೊಂದು ಬಗೆಯ ಅಂಧತ್ವಕ್ಕೆ ಗುರಿಯಾಗತೊಡಗಿದವು. ಸುಮಾರು ೧೦,೦೦೦ ಮಕ್ಕಳು ಹೀಗೆ ಕಣ್ಣು ಕಳೆದುಕೊಂಡರೆಂದು ಅಂದಾಜು. ಅವರನ್ನು ಬದುಕಿಸಲೆಂದು ಧಾರಾಳವಾಗಿ ಕೊಡುತ್ತಿದ್ದ ಆಮ್ಲಜನಕವೇ ಕಾರಣವೆಂಬುದು ೧೯೫೩-೫೪ರಲ್ಲಿ ಅಮೆರಿಕದ ೧೮ ಆಸ್ಪತ್ರೆಗಳು ಕೂಡಿ ನಡೆಸಿದ ಪರೀಕ್ಷೆಯಿಂದ ಸಿದ್ಧವಾಯಿತು. ಕೂಡಲೇ ಆಮ್ಲಜನಕವನ್ನು ಬಿಗಿಯಾಗಿ ಮಿತಗೊಳಿಸಿದರು. ಅಂಧತ್ವ ಇಳಿಯಿತು, ಆದರೆ ಉಸಿರು ಸಾಲದೆ ಸತ್ತ ಶಿಶುಗಳ ಸಂಖ್ಯೆ ಏರಿತು. ಸಮತೋಲದ ಪಾಠವನ್ನು ವೈದ್ಯಶಾಸ್ತ್ರವು ಕಲಿತುದು ಹೀಗೆ, ಎರಡೂ ಕಡೆ ಬೆಲೆ ತೆತ್ತು.

ಇದರ ಮುಂದಿನ ಅಧ್ಯಾಯದಲ್ಲಿ ಭಾರತದ ಪಾಲು ಹಿರಿದು. ಹುಟ್ಟಿದಾಗ ಉಸಿರಾಡದ ಶಿಶುವಿಗೆ ಶುದ್ಧ ಆಮ್ಲಜನಕವನ್ನೇ ಊದಬೇಕೆಂಬುದು ಬಹುಕಾಲ ಪ್ರಶ್ನೆಯಿಲ್ಲದ ನಿಯಮವಾಗಿತ್ತು. ಉಸಿರು ನಿಂತು ಮತ್ತೆ ರಕ್ತ ಹರಿಯುವ ಕ್ಷಣದಲ್ಲಿಯೇ ಉಗ್ರವಸ್ತುಗಳ ಉತ್ಪತ್ತಿ ಅತಿಯಾಗಿರುವುದರಿಂದ, ಆಗ ಶುದ್ಧ ಆಮ್ಲಜನಕ ಹಾನಿಕರವಾಗಬಹುದೆಂದು ನಾರ್ವೆಯ ಸೌಗ್‌ಸ್ಟಾಡ್ ತರ್ಕಿಸಿದನು. ದೆಹಲಿಯಲ್ಲಿ ಸಿದ್ಧಾರ್ಥ ರಾಮಜಿ ಮತ್ತು ಸಂಗಡಿಗರು ಆತನೊಡನೆ ಸೇರಿ ೮೪ ಶಿಶುಗಳ ಮೇಲೆ ಇದನ್ನು ಪರೀಕ್ಷಿಸಿ ೧೯೯೩ರಲ್ಲಿ ಪ್ರಕಟಿಸಿದರು. ೧೯೯೮ರಲ್ಲಿ ಹಲವು ದೇಶಗಳ ೬೦೯ ಶಿಶುಗಳ ಪರೀಕ್ಷೆಯ ಫಲಿತಾಂಶವೂ ಬಂದಿತು. ಸಾಧಾರಣ ಗಾಳಿಯನ್ನು ಊದಿದರೆ ಸಾಕು, ಅದೇ ಮೇಲೂ ಹೌದು ಎಂಬುದು ಕ್ರಮೇಣ ಸ್ಥಿರಪಟ್ಟು, ೨೦೧೦ರ ಅಂತರರಾಷ್ಟ್ರೀಯ ಸೂಚನೆಗಳಲ್ಲಿ ತಿಂಗಳು ತುಂಬಿದ ಶಿಶುವಿಗೆ ಗಾಳಿಯಿಂದಲೇ ಆರಂಭಿಸಬೇಕೆಂಬ ನಿಯಮವಾಯಿತು. ಗಾಳಿಗೆ ಬೆಲೆಯಿಲ್ಲ, ಅದನ್ನು ಊದುವ ಚೀಲವೂ ಮುಖವಾಡವೂ ಹಳ್ಳಿಯ ಹೆರಿಗೆ ಕೇಂದ್ರದಲ್ಲಿಯೂ ಇರಬಹುದಾದ ಸಾಧನಗಳು.

ಆ ಸಾಧನಗಳ ಬಳಕೆಯನ್ನು ಕಲಿಸುವುದರ ಪ್ರಯೋಜನವನ್ನು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ತೋರಿಸಿಕೊಟ್ಟರು. ಹೆರಿಗೆ ಮಾಡಿಸುವ ೫೯೯ ಮಂದಿಗೆ ತರಬೇತಿ ಕೊಟ್ಟ ಮೇಲೆ ನಿರ್ಜೀವ ಜನನಗಳು ನೂರಕ್ಕೆ ೩.೦ರಿಂದ ೨.೩ಕ್ಕೆ ಇಳಿದವೆಂದು ೨೦೧೩ರಲ್ಲಿ ಅವರು ವರದಿ ಮಾಡಿದರು.

ಇದೇ ಕ್ಷೇತ್ರದಲ್ಲಿ ಎಚ್ಚರಿಕೆಯ ಪಾಠವೊಂದೂ ಕರ್ನಾಟಕದಿಂದಲೇ ಬಂದಿದೆ. ಉಸಿರು ಕಟ್ಟಿ ಹುಟ್ಟಿದ ಶಿಶುವಿನ ಮೈಯನ್ನು ಮೂರು ದಿನ ತಂಪಾಗಿಟ್ಟರೆ ಮಿದುಳಿನ ಹಾನಿ ಕಡಮೆಯಾಗುವುದೆಂದು ಶ್ರೀಮಂತ ದೇಶಗಳ ಪರೀಕ್ಷೆಗಳು ಸಿದ್ಧಪಡಿಸಿದ್ದವು. ಬೆಂಗಳೂರಿನ ಆಸ್ಪತ್ರೆಗಳೂ ಸೇರಿದಂತೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ಆಸ್ಪತ್ರೆಗಳಲ್ಲಿ ೪೦೮ ಶಿಶುಗಳ ಮೇಲೆ ಅದನ್ನೇ ಪರೀಕ್ಷಿಸಿದಾಗ, ತಂಪುಗೊಳಿಸಿದವರಲ್ಲಿ ನೂರಕ್ಕೆ ೪೨, ಉಳಿದವರಲ್ಲಿ ನೂರಕ್ಕೆ ೩೧ ಶಿಶುಗಳು ಮೃತಪಟ್ಟವೆಂದು ೨೦೨೧ರಲ್ಲಿ ತಿಳಿದುಬಂದಿತು. ಒಂದು ನಾಡಿನಲ್ಲಿ ಸಿದ್ಧವಾದುದನ್ನು ಕೂಡ ಇನ್ನೊಂದು ನಾಡಿನಲ್ಲಿ ಪರೀಕ್ಷಿಸದೆ ಒಪ್ಪಲಾಗದೆಂದ ಮೇಲೆ, ಎಲ್ಲಿಯೂ ಸಿದ್ಧವಾಗದುದನ್ನು ಕುರಿತು ಹೇಳಬೇಕಾದುದೇನು?

೬. ಉಪಸಂಹಾರ

ನಮ್ಮ ದೇಶದ ಐದು ಪ್ರದೇಶಗಳಲ್ಲಿ ಎರಡರಿಂದ ಒಂಬತ್ತು ವರ್ಷದ ೩,೯೬೪ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು ೨೦೧೮ರಲ್ಲಿ ಪ್ರಕಟವಾಗಿದೆ. ನರವಿಕಾಸದ ದೋಷಗಳೊಡನೆ ಅಲ್ಲಿ ಸಂಬಂಧ ಕಂಡುಬಂದುದು ಮನೆಯ ಹೆರಿಗೆ, ಹುಟ್ಟುವಾಗ ಉಸಿರುಕಟ್ಟುವಿಕೆ, ಅಕಾಲಜನನ, ಕಡಮೆ ತೂಕ, ಮಿದುಳಿನ ಸೋಂಕು, ಕುಂಠಿತವಾದ ಬೆಳವಣಿಗೆ ಇವುಗಳಿಗೆ. ಇವುಗಳಲ್ಲಿ ಅನೇಕವು ನಿವಾರಿಸಬಹುದಾದವು. ಆದರೆ ಯಾವುದನ್ನೂ ನಾಲ್ಕನೆಯ ವರ್ಷದ ಗುಳಿಗೆಯಿಂದ ನಿವಾರಿಸಲಾಗದು.

ಅಂದೋಲಾದ ಆ ತಾಯಿಗೆ ನಾನು ಬರೆದ ಪತ್ರದ ಸಾರಾಂಶ ಹೀಗಿದೆ. ಈ ಗುಳಿಗೆಗಳಿಂದ ಮಗುವಿಗೆ ಮಾತು ಬರುವುದೆಂಬುದಕ್ಕೆ ಇದುವರೆಗಿನ ಪರೀಕ್ಷೆಗಳಲ್ಲಿ ಆಧಾರವಿಲ್ಲ. ಯಾವುದನ್ನು ನಿಲ್ಲಿಸ ಬೇಕು, ಯಾವುದನ್ನು ಮುಂದುವರಿಸಬೇಕೆಂಬುದನ್ನು ಮಕ್ಕಳ ವೈದ್ಯರೊಬ್ಬರನ್ನು ಕೇಳಿಯೇ ನಿರ್ಧರಿಸಿರಿ. ಕರೆದರೆ ತಿರುಗದ ಮಗುವಿನ ಕಿವಿಯನ್ನು ಮೊದಲು ಪರೀಕ್ಷಿಸಬೇಕು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಇಂತಹ ಮಕ್ಕಳನ್ನು ಹುಡುಕಿ ಚಿಕಿತ್ಸೆಗೆ ಕಳುಹಿಸುವುದಕ್ಕಾಗಿಯೇ ಇದೆ. ಅಂಗನವಾಡಿಯ ಮೂಲಕ ಅದನ್ನು ತಲುಪಬಹುದು. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣಪರೀಕ್ಷೆಯೂ ಮಾತಿನ ತರಬೇತಿಯೂ ದೊರೆಯುತ್ತವೆ. ಗುಳಿಗೆಗಳ ಹಣ ಪ್ರಯಾಣಕ್ಕೆ ಆಗುತ್ತದೆ. ದಿನವೂ ಮಗುವಿನ ಎದುರು ಕುಳಿತು, ಕಣ್ಣಿಗೆ ಕಣ್ಣು ಸೇರಿಸಿ, ಆಡಿಸುತ್ತ ಮಾತಾಡಿಸುವುದು ಚಿಕ್ಕ ಕೆಲಸವೆಂದು ತಿಳಿಯಬೇಡಿರಿ. ತರಬೇತಿ ಕೊಡುವವರು ತಾಯ್ತಂದೆಗಳಿಗೆ ಮೊದಲು ಕಲಿಸುವುದು ಅದನ್ನೇ.

ಈ ಉತ್ತರದಲ್ಲಿ ಆಶ್ವಾಸನವಿಲ್ಲವೆಂಬ ಕೊರತೆಯನ್ನು ನಾನು ಬಲ್ಲೆನು. ಆದರೆ ಸುಳ್ಳು ಆಶ್ವಾಸನದಲ್ಲಿ ಕಳೆಯುವುದು ಹಣವೊಂದೇ ಅಲ್ಲ. ಮಿದುಳು ಕಲಿಯಲು ಅತ್ಯಂತ ಸಿದ್ಧವಾಗಿರುವ ವರ್ಷಗಳೂ ಅದರೊಡನೆ ಕಳೆದುಹೋಗುತ್ತವೆ. ಪತ್ರವನ್ನು ಓದಿಸಿ ಕೇಳಿದ ಅಜ್ಜ, ಕಿವಿಯ ಪರೀಕ್ಷೆಗೆ ಮೊಮ್ಮಗನನ್ನು ಕಲಬುರಗಿಗೆ ಕರೆತರುವುದಾಗಿ ತಿಳಿಸಿದ್ದಾರೆ. ದಫ್ತರದ ಗಂಟನ್ನು ನಾನಿನ್ನೂ ಪೂರ್ತಿಯಾಗಿ ನೋಡಿಲ್ಲ. ಅದಕ್ಕಾಗಿ ಮತ್ತೊಮ್ಮೆ ಅಂದೋಲಾಕ್ಕೆ ಹೋಗಬೇಕಾಗಿದೆ.